ಹೆಸರಿನ ಪಕ್ಕ ಕಾರಣವನ್ನೂ ಬರೆಯಿರಿ: ಫೋಟೊ ನೋಡಿ ಹೋವರ್‌ಫ್ಲೈ ಗುರುತಿಸುವ ಬಗ್ಗೆ

(ಪೊನ್ನಂಪೇಟೆಯಲ್ಲಿ ಹವ್ಯಾಸಿ ನಿಸರ್ಗ ವೀಕ್ಷಕರು, ವಿದ್ಯಾರ್ಥಿಗಳು ಮತ್ತು ಕಾಫಿ ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಹಕ್ಕಿ ನೋಡುವವರಿಗೆ ಕೊರತೆಯಿಲ್ಲ. ಚಿಟ್ಟೆ ನೋಡುವವರೂ ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಹಲವರ ಫೋನಿನಲ್ಲಿ ಒಂದು ಫೋಟೊ ಸಿಕ್ಕೇ ಸಿಗುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ಅಲುಗಾಡದೆ ನಿಂತ ಸಣ್ಣ ನೊಣ, ಅಂದರೆ ಹೋವರ್‌ಫ್ಲೈ. ಕಿತ್ತಳೆ ಬಣ್ಣದ ಹೊಟ್ಟೆ, ಅದರ ಮೇಲೆ ಕಪ್ಪು ಪಟ್ಟೆ. ಕೆಳಗೆ ಹೆಸರೂ ಇರುತ್ತದೆ: ಎಪಿಸಿರ್ಫಸ್ ಬಾಲ್ಟಿಯಾಟಸ್. "ಹೇಗೆ ಗೊತ್ತಾಯಿತು?" ಎಂದು ಕೇಳಿದರೆ, "ಆ್ಯಪ್ ಹೇಳಿತು" ಎನ್ನುತ್ತಾರೆ. ಇಲ್ಲವೇ, "ಗೂಗಲ್‌ನಲ್ಲಿ ಇದೇ ಥರದ್ದು ಇತ್ತು" ಎನ್ನುತ್ತಾರೆ.

ಆ ಹೆಸರು ಸರಿಯೇ ಇರಬಹುದು. ಆದರೆ ಅದೇ ಕುಲದ, ಅಂದರೆ ಹೆಸರಿನ ಮೊದಲ ಪದ ಒಂದೇ ಆದ, ಇನ್ನೊಂದು ನೊಣ, ಎಪಿಸಿರ್ಫಸ್ ವಿರಿಡಾರಿಯಸ್, ದಕ್ಷಿಣ ಭಾರತದಲ್ಲಿದೆ. ದೂರದಿಂದ, ಮೇಲಿನಿಂದ ತೆಗೆದ ಒಂದೇ ಫೋಟೊದಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಹಾಗಿರುವಾಗ ಆ ಹೆಸರನ್ನು ನಂಬುವುದು ಹೇಗೆ? ಬರೆದವರು ಏನು ನೋಡಿ ಬರೆದರು ಎಂಬುದು ಎಲ್ಲೂ ಇಲ್ಲವಲ್ಲ.

ನಾನು ಇವತ್ತು ಹೇಳಬೇಕಾದ್ದು ಮುಖ್ಯವಾಗಿ ಒಂದೇ ಮಾತು. ಹೆಸರು ಬರೆದರೆ ಅದರ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. ಕಾರಣ ಬರೆಯಲು ಕೂತಾಗ ನಿಮ್ಮ ಫೋಟೊವನ್ನು ನೀವೇ ಮತ್ತೊಮ್ಮೆ ಸರಿಯಾಗಿ ನೋಡುತ್ತೀರಿ. ಏನು ಕಾಣುತ್ತಿಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ.

ಮೊದಲು, ಇದು ಹೋವರ್‌ಫ್ಲೈ ಹೌದೇ ಎಂಬ ಪ್ರಶ್ನೆ. ಕೃಷಿ ಪುಸ್ತಕಗಳು ಇದನ್ನು ಸಿರ್ಫಿಡ್ ನೊಣ ಎನ್ನುತ್ತವೆ. ಕುಟುಂಬದ ಹೆಸರು ಸಿರ್ಫಿಡೆ. ಜಗತ್ತಿನಲ್ಲಿ ಈ ಕುಟುಂಬದ 6000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ಭಾರತದಲ್ಲಿ 300ಕ್ಕೂ ಹೆಚ್ಚು ಇವೆ. ಇವುಗಳಲ್ಲಿ ಅನೇಕವು ಜೇನಿನ ಇಲ್ಲವೇ ಕಣಜದ ವೇಷ ಹಾಕಿಕೊಂಡಿವೆ. ಕುಟುಕಲು ಇವಕ್ಕೆ ಮುಳ್ಳಿಲ್ಲ. ವೇಷ ನೋಡಿ ಹಕ್ಕಿ ದೂರ ಹೋದರೆ ಸಾಕು, ಅಷ್ಟೇ ಇವುಗಳ ರಕ್ಷಣೆ.

ವೇಷವನ್ನು ಬಿಟ್ಟು ರೆಕ್ಕೆ ಎಣಿಸಿ. ಜೇನಿಗೂ ಕಣಜಕ್ಕೂ ಎರಡು ಜೋಡಿ ರೆಕ್ಕೆ. ನೊಣಕ್ಕೆ ಒಂದೇ ಜೋಡಿ. ಹಿಂದಿನ ಜೋಡಿಯ ಜಾಗದಲ್ಲಿ ತುದಿ ಉಬ್ಬಿದ ಎರಡು ಸಣ್ಣ ಕಡ್ಡಿಗಳಿರುತ್ತವೆ. ಫೋಟೊದಲ್ಲಿ ರೆಕ್ಕೆ ಎಣಿಸಲು ಆಗದಿದ್ದರೆ ಮುಖ ನೋಡಿ. ತುಡುವೆ ಜೇನಿನ ಕುಡಿಮೀಸೆ ಉದ್ದವಾಗಿ, ನಡುವೆ ಮಡಚಿದ ಹಾಗೆ ಇರುತ್ತದೆ. ಹೆಚ್ಚಿನ ಹೋವರ್‌ಫ್ಲೈಗಳಲ್ಲಿ ಕುಡಿಮೀಸೆ ಬಹಳ ಗಿಡ್ಡ, ಅದರ ಮೇಲೊಂದು ಕೂದಲೆಳೆ. ಕಣ್ಣುಗಳು ತಲೆಯ ಹೆಚ್ಚಿನ ಭಾಗವನ್ನು ತುಂಬಿಕೊಂಡಿರುತ್ತವೆ. ಕಣಜದ ವೇಷದ ಕೆಲವು ಕುಲಗಳಿಗೆ, ಉದಾಹರಣೆಗೆ ಸೆರಿಯಾನಕ್ಕೆ, ಕುಡಿಮೀಸೆ ಉದ್ದ ಇದೆ. ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ನೊಣ ಎಂದು ಖಾತ್ರಿಯಾದ ಮೇಲೂ ಕೆಲಸ ಮುಗಿಯಲಿಲ್ಲ. ಹೂವಿನ ಮೇಲೆ ಕೂರುವ ಬೇರೆ ನೊಣಗಳೂ ಇವೆ. ಸ್ಟೊಮೊರೈನ ಎಂಬ ಕುಲದ ನೊಣಗಳನ್ನು ಹೋವರ್‌ಫ್ಲೈ ಎಂದುಕೊಳ್ಳುವವರು ಬಹಳ. ಉದ್ದ ಸೊಂಡಿಲಿನ ಬೀ ಫ್ಲೈಗಳೂ ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತವೆ. ಇಲ್ಲಿ ತೀರ್ಮಾನ ಹೇಳುವುದು ರೆಕ್ಕೆಯ ನರಗಳು. ಹೋವರ್‌ಫ್ಲೈ ರೆಕ್ಕೆಯ ನಡುವೆ ಉದ್ದಕ್ಕೆ ಒಂದು ಮಸುಕಾದ ಗೆರೆ ಓಡುತ್ತದೆ. ಅದು ನಿಜವಾದ ನರವಲ್ಲ, ರೆಕ್ಕೆಯ ಪೊರೆ ದಪ್ಪಗಾಗಿ ಆದ ಗೆರೆ. ಬೇರೆ ನರಗಳಿಗೆ ಸರಿಯಾಗಿ ಸೇರಿಕೊಳ್ಳದೆ ಎರಡೂ ತುದಿಯಲ್ಲಿ ಸುಮ್ನೆ ಮಾಯವಾಗುತ್ತದೆ. ಇದನ್ನು ಸುಳ್ಳುನರ ಎನ್ನೋಣ. ಈ ಕುಟುಂಬದ ಹೆಚ್ಚುಕಡಿಮೆ ಎಲ್ಲ ಪ್ರಭೇದಗಳಲ್ಲೂ ಇದು ಇದೆ. ಇನ್ನೊಂದು ಗುರುತು ರೆಕ್ಕೆಯ ಹೊರ ಅಂಚಿನಲ್ಲಿದೆ. ಅಲ್ಲಿ ಹಲವು ನರಗಳು ಅಂಚಿನವರೆಗೆ ಹೋಗುವುದಿಲ್ಲ. ಅದಕ್ಕೆ ಮೊದಲೇ ತಿರುಗಿ ಅಂಚಿಗೆ ಸಮಾನವಾಗಿ ಓಡುತ್ತವೆ. ಒಳಗೊಂದು ಎರಡನೇ ಅಂಚು ಎಳೆದಂತೆ ಕಾಣುತ್ತದೆ. ಸುಳ್ಳುನರ ಕಾಣದ ಫೋಟೊದಲ್ಲೂ ಈ ಒಳ ಅಂಚು ಎಷ್ಟೋ ಸಲ ಕಾಣುತ್ತದೆ.

ಈಗ ಫೋಟೊ ತೆಗೆಯುವ ವಿಚಾರ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಗುರುತಿಸುವಾಗ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಫೋಟೊ ತೆಗೆಯುವಾಗಲೇ ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ.

ನಾವೆಲ್ಲ ಚಂದದ ಒಂದು ಫೋಟೊ ಸಿಕ್ಕಿದರೆ ಮುಂದೆ ನಡೆಯುತ್ತೇವೆ. ಹೋವರ್‌ಫ್ಲೈ ವಿಷಯದಲ್ಲಿ ಚಂದದ ಒಂದು ಫೋಟೊಗಿಂತ ಸಾಧಾರಣವಾದ ನಾಲ್ಕು ಫೋಟೊ ಮೇಲು. ಮೇಲಿನಿಂದ ಒಂದು ಬೇಕು, ಎದೆಭಾಗದ ಪಟ್ಟೆ ಮತ್ತು ಹೊಟ್ಟೆಯ ಚಿತ್ತಾರ ಕಾಣಲು. ಪಕ್ಕದಿಂದ ಒಂದು ಬೇಕು, ಕಾಲಿನ ಬಣ್ಣ, ಎದೆಯ ಪಕ್ಕದ ಹಳದಿ ಗುರುತು ಮತ್ತು ಮುಖದ ಉಬ್ಬು ಕಾಣಲು. ಮುಂದಿನಿಂದ ತೆಗೆದರೆ ಕಣ್ಣು, ಕುಡಿಮೀಸೆ ಸಿಗುತ್ತವೆ. ನಾಲ್ಕನೆಯದು ಬರೀ ರೆಕ್ಕೆಗಾಗಿ. ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ರೆಕ್ಕೆಯ ಹಿಂದೆ ಕಪ್ಪು ಹೊಟ್ಟೆ ಇದ್ದರೆ ನರಗಳು ಕಾಣುವುದಿಲ್ಲ. ನೊಣ ರೆಕ್ಕೆಯನ್ನು ಅರ್ಧ ತೆರೆದು ಕೂತಾಗ, ಹಿಂದೆ ತಿಳಿಹಸಿರು ಎಲೆಯೋ ಆಕಾಶವೋ ಬರುವ ಹಾಗೆ ಸ್ವಲ್ಪ ಸರಿದು ತೆಗೆಯಿರಿ.

ಹಕ್ಕಿಯ ಫೋಟೊ ತೆಗೆಯುವವರಿಗೆ ಹಿನ್ನೆಲೆ ಮಸುಕಾಗಿ ಕರಗಬೇಕು ಎಂಬ ಆಸೆ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಒಂದು ಸೆಂಟಿಮೀಟರ್ ಉದ್ದದ ನೊಣದಲ್ಲಿ ಕಣ್ಣು ಮಾತ್ರ ಸ್ಪಷ್ಟವಾಗಿ ಬಂದು ಹೊಟ್ಟೆ ಮಸುಕಾದರೆ ಏನು ಓದುತ್ತೀರಿ? ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಸಣ್ಣದು ಮಾಡಿ, ಬೆಳಕು ಸಾಲದಿದ್ದರೆ ಫ್ಲ್ಯಾಷಿನ ಮುಂದೆ ತೆಳು ಬಿಳಿ ಕಾಗದ ಹಿಡಿಯಿರಿ. ಫೋನಿನಲ್ಲಿ ತೆಗೆಯುವವರು ಕ್ಲಿಪ್ ಹಾಕುವ ಮ್ಯಾಕ್ರೊ ಲೆನ್ಸ್ ಇಟ್ಟುಕೊಂಡರೆ ಸಾಕು. ಫೋನ್ ತಾನಾಗಿಯೇ ಚಿತ್ರವನ್ನು ತಿದ್ದಿ ಚೂಪು ಮಾಡುತ್ತದೆ ಎಂಬುದು ನೆನಪಿರಲಿ. ಇಲ್ಲದ ಕೂದಲು, ಇಲ್ಲದ ಗೆರೆ ಆಗ ಹುಟ್ಟಿಕೊಳ್ಳಬಹುದು. ಫಿಲ್ಟರ್ ಹಾಕಲೇಬೇಡಿ. ಹಳದಿಯನ್ನು ಕಿತ್ತಳೆ ಮಾಡುವ ಫಿಲ್ಟರ್ ಒಂದು ಪ್ರಭೇದವನ್ನು ಇನ್ನೊಂದು ಮಾಡಿಬಿಡಬಹುದು. ಕತ್ತರಿಸಿದ ಫೋಟೊ ಹಾಕಿದರೂ ಮೂಲ ಫೋಟೊ ನಿಮ್ಮ ಹತ್ತಿರ ಇರಲಿ. ಅದರಲ್ಲಿ ದಿನಾಂಕ, ಜಾಗ, ಕೂತಿದ್ದ ಹೂವು ಎಲ್ಲವೂ ಇರುತ್ತದೆ.

ಯಾವಾಗ ಹೋಗಬೇಕು? ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಅವೂ ಹೊರಗೆ ಬರುವುದಿಲ್ಲ, ನಾವೂ ಬರುವುದಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಇಣುಕಲು ಶುರುವಾದ ಮೇಲೆ, ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬದವರೆಗೆ ಒಳ್ಳೆಯ ಕಾಲ. ದಾರಿ ಬದಿಯಲ್ಲಿ ಹೂ ತುಂಬಿರುತ್ತದೆ. ಬೆಳಿಗ್ಗೆ ಚಳಿ ಬಿಡುವ ಹೊತ್ತಿಗೆ ಅವು ಎಲೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಆಗ ಬೇಗ ಹಾರುವುದಿಲ್ಲ. ಅಟ್ಟಿಸಿಕೊಂಡು ಹೋಗಬೇಡಿ. ಒಂದು ಹೂಗಿಡದ ಪಕ್ಕ ಕೂತುಬಿಡಿ. ಕೊತ್ತಂಬರಿ ಹೂ ಬಿಡಲು ಬಿಟ್ಟ ಮನೆ ಹಿತ್ತಲು ಇದಕ್ಕೆ ಬಹಳ ಒಳ್ಳೆಯ ಜಾಗ. ಗಂಡು ನೊಣಗಳು ಗಾಳಿಯಲ್ಲಿ ತಮ್ಮದೇ ಜಾಗ ಹಿಡಿದು ನಿಲ್ಲುತ್ತವೆ. ಓಡಿಸಿದರೂ ಸ್ವಲ್ಪ ಹೊತ್ತಿಗೆ ಅಲ್ಲಿಗೇ ಬರುತ್ತವೆ.

ಫೋಟೊ ಕೈಯಲ್ಲಿದೆ. ಮೊದಲು ಬಣ್ಣ ನೋಡಲು ಮನಸ್ಸಾಗುತ್ತದೆ, ಅಲ್ವಾ? ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಇದಕ್ಕೆ ಗಟ್ಟಿ ಕಾರಣ ಇದೆ. ನಾನು ಮೊದಲು ಹೇಳಿದ ಎಪಿಸಿರ್ಫಸ್ ಬಾಲ್ಟಿಯಾಟಸ್ ನೊಣದ ಬಣ್ಣ, ಅದು ಗೂಡಿನೊಳಗೆ (ಪ್ಯೂಪಾ ಹಂತದಲ್ಲಿ) ಬೆಳೆಯುವಾಗ ಇದ್ದ ಚಳಿ ಬಿಸಿಯ ಮೇಲೆ ನಿಂತಿದೆ. ಚಳಿಯಲ್ಲಿ ಬೆಳೆದದ್ದು ಹೆಚ್ಚು ಕಪ್ಪು. ಬೆಚ್ಚಗೆ ಬೆಳೆದದ್ದು ಹೆಚ್ಚು ಕಿತ್ತಳೆ. ತಲಕಾವೇರಿಯ ಮಂಜಿನಲ್ಲಿ ಬೆಳೆದದ್ದೂ ಕುಶಾಲನಗರದ ಬಿಸಿಲಲ್ಲಿ ಬೆಳೆದದ್ದೂ ಒಂದೇ ಪ್ರಭೇದವಾದರೂ ಒಂದೇ ಬಣ್ಣದಲ್ಲಿ ಇರಬೇಕೆಂದಿಲ್ಲ. ಈಗ ತಾನೇ ಗೂಡಿನಿಂದ ಬಂದ ನೊಣ ಪೇಲವವಾಗಿರುತ್ತದೆ. ಮುಖಕ್ಕೆ ಹೂವಿನ ಪರಾಗ ಮೆತ್ತಿದ್ದರೆ ಕಪ್ಪು ಮುಖವೂ ಹಳದಿಯಾಗಿ ಕಾಣುತ್ತದೆ. ಆದರೆ ನರಗಳ ಓಟ ಚಳಿಗೆ ಬದಲಾಗುವುದಿಲ್ಲ. ಆದ್ದರಿಂದ ನನ್ನ ಕ್ರಮ ಹೀಗೆ: ರೆಕ್ಕೆ, ಕಣ್ಣು, ಮುಖ, ಕಾಲು, ಆಮೇಲೆ ಚಿತ್ತಾರ, ಎಲ್ಲಕ್ಕಿಂತ ಕೊನೆಗೆ ಬಣ್ಣ.

ಗಂಡೋ ಹೆಣ್ಣೋ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಹೆಚ್ಚಿನ ಹೋವರ್‌ಫ್ಲೈಗಳಲ್ಲಿ ಗಂಡಿನ ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಹೆಣ್ಣಿನಲ್ಲಿ ನಡುವೆ ಜಾಗ ಇರುತ್ತದೆ. ಮೈಕ್ರೊಡಾನ್‌ನಂಥ ಕುಲಗಳಲ್ಲಿ ಗಂಡಿಗೂ ಕಣ್ಣು ಬೇರೆಯೇ. ಕೆಲವು ಪ್ರಭೇದಗಳಲ್ಲಿ ಗಂಡು ಹೆಣ್ಣಿನ ಹೊಟ್ಟೆಯ ಚಿತ್ತಾರ ಬೇರೆ ಬೇರೆ. ಗೈಡಿನಲ್ಲಿ, ಅಂದರೆ ಗುರುತಿಸುವ ಪುಸ್ತಕದಲ್ಲಿ, ಇರುವ ಚಿತ್ರ ಗಂಡಿನದ್ದು, ನಿಮ್ಮ ಫೋಟೊ ಹೆಣ್ಣಿನದ್ದು ಆದರೆ ಹೋಲಿಸಿ ಏನು ಸುಖ?

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಕೊಟ್ಟಿಗೆಯ ಹತ್ತಿರದ ಹೂವಿನ ಮೇಲೆ ಜೇನಿನ ಗಾತ್ರದ ದಪ್ಪ ನೊಣ ಕೂತಿದೆ. ಹೆಚ್ಚಿನವರು ಎರಿಸ್ಟಾಲಿಸ್ ಎಂದು ಬರೆಯುತ್ತಾರೆ. ಮೊದಲು ರೆಕ್ಕೆ ನೋಡಿ. ರೆಕ್ಕೆಯ ಮೇಲಿನ ಅರ್ಧದಲ್ಲಿ ಉದ್ದಕ್ಕೆ ಓಡುವ ಒಂದು ನರ ನಡುವೆ ಘಾಟಿ ರಸ್ತೆಯ ತಿರುವಿನ ಹಾಗೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಆ ಬಳುಕು ಆಳವಾಗಿದ್ದರೆ ಇದು ಎರಿಸ್ಟಾಲಿಸ್ ಮತ್ತು ಅದರ ನೆಂಟರ ಗುಂಪು. ಈಗ ಮೇಲಂಚಿನ ಹತ್ತಿರ ನೋಡಿ. ಅಲ್ಲಿ ಎರಡು ನರಗಳು ಅಂಚು ಮುಟ್ಟುವ ಮೊದಲೇ ಕೂಡಿಕೊಂಡು ಒಂದು ಕೋಶವನ್ನು, ಅಂದರೆ ನರಗಳ ನಡುವಿನ ಜಾಗವನ್ನು, ಮುಚ್ಚುತ್ತವೆಯೇ, ಅಥವಾ ಬೇರೆ ಬೇರೆಯಾಗಿ ಅಂಚು ಸೇರುತ್ತವೆಯೇ? ಪುಸ್ತಕಗಳಲ್ಲಿ ಇದಕ್ಕೆ ಆರ್-1 ಕೋಶ ಎನ್ನುತ್ತಾರೆ. ಅದು ತೆರೆದಿದ್ದು ಎದೆಯ ಮೇಲೆ ಉದ್ದ ಪಟ್ಟೆಗಳಿದ್ದರೆ ಮೆಸೆಂಬ್ರಿಯಸ್ ಕಡೆಗೆ ಯೋಚಿಸಬೇಕು. ಮುಚ್ಚಿದ್ದರೆ ಎರಿಸ್ಟಾಲಿಸ್, ಎರಿಸ್ಟಾಲಿನಸ್, ಫೈಟೊಮಿಯಾ ಈ ಮೂರೂ ಸಾಲಿನಲ್ಲಿ ನಿಲ್ಲುತ್ತವೆ.

ಇನ್ನು ಕಣ್ಣು. ಕಣ್ಣಿನಲ್ಲೇ ಚುಕ್ಕೆ ಅಥವಾ ಬಣ್ಣದ ಪಟ್ಟೆ ಇದ್ದರೆ ಎರಿಸ್ಟಾಲಿನಸ್. ನಮ್ಮ ಕಡೆ ಹೀಗೆ ಚುಕ್ಕೆ ಪಟ್ಟೆ ಕಣ್ಣಿನವು ಬೇಕಾದಷ್ಟು ಸಿಗುತ್ತವೆ. ಇಲ್ಲಿ ಒಂದು ಎಚ್ಚರಿಕೆ. ಎರಿಸ್ಟಾಲಿಸ್ ಟೆನಾಕ್ಸ್ ಎಂಬ ನೊಣದ ಕಣ್ಣಿನ ಮೇಲೆ ಮೇಲಿನಿಂದ ಕೆಳಕ್ಕೆ ದಟ್ಟ ಕೂದಲಿನ ಪಟ್ಟೆಗಳಿವೆ. ಅವು ಕೂದಲು, ಕಣ್ಣಿನ ಬಣ್ಣ ಅಲ್ಲ. ಫೋಟೊ ಹಿಗ್ಗಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಇಷ್ಟು ನೋಡಿದ ಮೇಲೆ ನೀವು ಹೀಗೆ ಬರೆಯಬಹುದು: "ಎರಿಸ್ಟಾಲಿನಸ್, ಹೆಣ್ಣು. ರೆಕ್ಕೆಯ ನರ ಆಳವಾಗಿ ಬಳುಕಿದೆ, ಆರ್-1 ಕೋಶ ಮುಚ್ಚಿದೆ, ಕಣ್ಣಿನಲ್ಲಿ ಪಟ್ಟೆ. ಕಾಲು ಕಾಣುತ್ತಿಲ್ಲ." ಈ ಸಣ್ಣ ಟಿಪ್ಪಣಿ ಇದ್ದರೆ ಮುಂದೆ ಯಾರೇ ತಜ್ಞರು ನೋಡಿದರೂ ಎಲ್ಲಿಂದ ಮುಂದುವರಿಯಬೇಕು ಎಂದು ಅವರಿಗೆ ಗೊತ್ತಾಗುತ್ತದೆ. ಕಾಲು ಕಾಣುತ್ತಿಲ್ಲ ಎಂದು ಬರೆದದ್ದಕ್ಕೂ ಬೆಲೆ ಇದೆ. ಮುಂದಿನ ಸಲ ನೀವು ಕಾಲಿನ ಫೋಟೊ ತಪ್ಪಿಸುವುದಿಲ್ಲ.

ಗೈಡುಗಳ ಬಗ್ಗೆ ಹೇಳಲೇಬೇಕು. ನಮಗೆ ಸುಲಭವಾಗಿ ಸಿಗುವ ಚಂದದ ಗೈಡುಗಳು ಹೆಚ್ಚಾಗಿ ಯುರೋಪಿನವು. ಬ್ರಿಟನ್ನಿನಲ್ಲಿ ಸುಮಾರು 280 ಪ್ರಭೇದಗಳಿವೆ, ಅವಕ್ಕೆ ಒಳ್ಳೆಯ ಪುಸ್ತಕಗಳಿವೆ. ಆ ಪುಸ್ತಕಗಳಿಂದ ನೋಡುವ ಕ್ರಮ ಕಲಿಯಿರಿ. ರೆಕ್ಕೆಯ ನರಗಳ ಚಿತ್ರ, ಮುಖದ ಭಾಗಗಳ ಹೆಸರು ಎಲ್ಲಾ ಕಡೆಗೂ ಒಂದೇ. ಪ್ರಭೇದದ ಹೆಸರನ್ನು ಮಾತ್ರ ಅಲ್ಲಿಂದ ಎತ್ತಿಕೊಳ್ಳಬೇಡಿ. ಗುರುತಿನ ಕೀಲಿಯಲ್ಲಿ, ಅಂದರೆ ಪ್ರತಿ ಹೆಜ್ಜೆಗೂ ಎರಡು ಸಾಲಿನಲ್ಲಿ ಒಂದನ್ನು ಆರಿಸಿಕೊಂಡು ಹೋಗುವ ಪಟ್ಟಿಯಲ್ಲಿ, "ಹೀಗಿದ್ದರೆ ಇಲ್ಲಿಗೆ ಹೋಗಿ, ಹಾಗಿದ್ದರೆ ಅಲ್ಲಿಗೆ ಹೋಗಿ" ಎನ್ನುತ್ತಾ ಹೋದರೆ ಕೊನೆಗೆ ಒಂದು ಹೆಸರು ಸಿಕ್ಕೇ ಸಿಗುತ್ತದೆ. ನಿಮ್ಮ ನೊಣ ಆ ಪುಸ್ತಕದಲ್ಲಿ ಇಲ್ಲದಿದ್ದರೂ ಸಿಗುತ್ತದೆ! ಕೀಲಿ ಯಾವತ್ತೂ "ಇದು ನನ್ನಲ್ಲಿ ಇಲ್ಲ" ಎನ್ನುವುದಿಲ್ಲ.

ಭಾರತದ ಪ್ರಭೇದಗಳಿಗೆ ಇಂದಿಗೂ ಎಲ್ಲರೂ ತೆರೆಯುವ ಹಳೆಯ ಗ್ರಂಥ ಎನ್ರಿಕೊ ಬ್ರುನೆಟ್ಟಿ ಬರೆದದ್ದು. ಫೌನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯಲ್ಲಿ 1923ರಲ್ಲಿ ಬಂತು. ನೂರು ವರ್ಷ ದಾಟಿದೆ. ವಿವರಣೆಗಳು ಚೆನ್ನಾಗಿವೆ, ಆದರೆ ಎಷ್ಟೋ ಹೆಸರುಗಳು ಈಗ ಬದಲಾಗಿವೆ. ನಾವು ಈಗ ಫೈಟೊಮಿಯಾ ಎನ್ನುವುದನ್ನು ಅಲ್ಲಿ ಮೆಗಾಸ್ಪಿಸ್ ಎಂಬ ಹೆಸರಲ್ಲಿ ಹುಡುಕಬೇಕು. ಈಚಿನ ದಶಕಗಳಲ್ಲಿ ನಮ್ಮ ಕರ್ನಾಟಕದವರೇ ಆದ ಕೀಟತಜ್ಞ ಕುಮಾರ್ ಘೋರ್ಪಡೆ ಉಪಖಂಡದ ಸಿರ್ಫಿಡ್‌ಗಳ ಮೇಲೆ ದೀರ್ಘ ಕಾಲ ಕೆಲಸ ಮಾಡಿ ಪಟ್ಟಿಗಳನ್ನು ಕೊಟ್ಟಿದ್ದಾರೆ. ಹಳೆಯ ವಿವರಣೆ ಓದುವಾಗ ಹೊಸ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಕೀಲಿಯ ಪ್ರತಿ ಹೆಜ್ಜೆಯಲ್ಲೂ ಎರಡೂ ಸಾಲು ಓದಿ, ಒಂದನ್ನು ಓದಿ "ಹಾ, ಇದೇ" ಎಂದು ಓಡಬೇಡಿ. ಎಲ್ಲಿ ಅನುಮಾನ ಬಂತೋ ಆ ಹೆಜ್ಜೆಯ ಸಂಖ್ಯೆ ಬರೆದಿಡಿ. ನಿಮ್ಮ ಹೆಸರು ಅಷ್ಟರವರೆಗೆ ಮಾತ್ರ ಗಟ್ಟಿ.

ನಿಸರ್ಗದ ಫೋಟೊ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ತುಂಬಾ ಉಪಕಾರ ಮಾಡಿವೆ, ನಾನು ಅವುಗಳ ಪರ. ಆದರೆ ಆ್ಯಪ್ ಕಲಿತದ್ದು ಈಗಾಗಲೇ ಸಾಕಷ್ಟು ಫೋಟೊ ಇರುವ ಪ್ರಭೇದಗಳನ್ನು ಮಾತ್ರ. ಜನ ಹೆಚ್ಚು ಫೋಟೊ ತೆಗೆದ ನೊಣದ ಹೆಸರೇ ಮೇಲೆ ಬರುತ್ತದೆ. ನಾವು ಅದನ್ನೇ ಒತ್ತುತ್ತೇವೆ. ಇನ್ನೊಬ್ಬರು ಬಂದು ಹೌದು ಎನ್ನುತ್ತಾರೆ. ದಾಖಲೆಗೆ "ರಿಸರ್ಚ್ ಗ್ರೇಡ್", ಅಂದರೆ ಸಂಶೋಧನೆಗೆ ಬಳಸಬಹುದು ಎಂಬ ಮುದ್ರೆ ಬೀಳುತ್ತದೆ. ಇಬ್ಬರೂ ರೆಕ್ಕೆ ನೋಡಿರುವುದಿಲ್ಲ. ಸ್ನೇಹಿತರ ಫೋಟೊ ಎಂಬ ಪ್ರೀತಿಗೆ ಹೌದು ಎನ್ನುವುದನ್ನು ದಯವಿಟ್ಟು ಬಿಡಿ. ನೀವೇ ಗುರುತು ನೋಡಿದ್ದರೆ ಮಾತ್ರ ಒಪ್ಪಿಗೆ ಕೊಡಿ. ಇದರ ಬಗ್ಗೆ ನನಗೆ ನಿಜವಾಗಿಯೂ ಕಳಕಳಿ ಇದೆ. ನಾಳೆ ಯಾರೋ ಒಬ್ಬ ವಿದ್ಯಾರ್ಥಿ ಕೊಡಗಿನ ನೊಣಗಳ ನಕ್ಷೆ ಮಾಡಲು ಈ ದಾಖಲೆಗಳನ್ನೇ ತೆಗೆಯುತ್ತಾಳೆ.

ಬೆಳೆಗಾರರು ಇಲ್ಲಿದ್ದೀರಿ. ನಿಮ್ಮಿಂದ ಆಗುವ ಒಂದು ಕೆಲಸ ಇದೆ, ಅದು ನಮ್ಮಂಥ ಕ್ಯಾಮೆರಾ ಹಿಡಿದವರಿಂದ ಆಗದು. ಕಿತ್ತಳೆ ಗಿಡದ ಎಳೆ ಚಿಗುರಿಗೆ ಕಪ್ಪು ಹೇನು ಹತ್ತುತ್ತದಲ್ಲ, ಅದರ ನಡುವೆ ಹುಡುಕಿ. ಕಾಲಿಲ್ಲದ, ಒಂದು ತುದಿ ಚೂಪಾದ, ಹಸಿರೋ ಕಂದೋ ಬಣ್ಣದ ಸಣ್ಣ ಹುಳು ಕಾಣಬಹುದು. ಹೇನನ್ನು ಎತ್ತಿ ಹಿಡಿದು ರಸ ಹೀರಿ ಸಿಪ್ಪೆ ಬಿಸಾಕುತ್ತಿರುತ್ತದೆ. ಇದು ಹೋವರ್‌ಫ್ಲೈ ಮರಿ. ಇಷಿಯೊಡಾನ್, ಪ್ಯಾರಗಸ್, ಡೈಡಿಯಾಪ್ಸಿಸ್ ಕುಲಗಳ ಮರಿಗಳು ಹೀಗೆ ಹೇನು ತಿಂದು ಬೆಳೆಯುತ್ತವೆ. ಆ ಚಿಗುರಿಗೆ ಔಷಧಿ ಹೊಡೆಯುವ ಮೊದಲು ದಯವಿಟ್ಟು ಎರಡು ದಿನ ಕಾದು ನೋಡಿ.

ಒಂದು ಮರಿಯನ್ನು ಹೇನಿರುವ ಚಿಗುರಿನ ಸಮೇತ ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಚಿಗುರು ಒಣಗಿದರೆ ಬದಲಿಸಿ. ಅದು ಗೂಡಿನ ಹಂತ ಮುಗಿಸಿ ನೊಣವಾಗಿ ಹೊರಗೆ ಬಂದಾಗ ಎಲ್ಲಾ ಕಡೆಯಿಂದ ಫೋಟೊ ತೆಗೆಯಿರಿ. ಮೈ ಗಟ್ಟಿಯಾಗಿ ಬಣ್ಣ ಬರಲು ಸ್ವಲ್ಪ ಹೊತ್ತು ಬಿಡಿ. ಮರಿ, ಗೂಡು, ನೊಣ, ತಿಂದ ಹೇನು, ಹೇನಿದ್ದ ಗಿಡ, ಎಲ್ಲವೂ ಒಂದೇ ದಾಖಲೆಯಲ್ಲಿ ಸಿಗುತ್ತದೆ. ಹೂವಿನ ಮೇಲೆ ತೆಗೆದ ಎಷ್ಟು ಫೋಟೊಗಳಿಂದಲೂ ಇದು ಸಿಗುವುದಿಲ್ಲ. ಕೆಲವೊಮ್ಮೆ ಗೂಡಿನಿಂದ ನೊಣದ ಬದಲು ಸಣ್ಣ ಕಣಜ ಬರುತ್ತದೆ. ಮರಿಯೊಳಗೆ ಆ ಕಣಜದ ಮೊಟ್ಟೆ ಇತ್ತು. ಅದರದ್ದೂ ಫೋಟೊ ತೆಗೆದಿಡಿ.

ಕೊಟ್ಟಿಗೆಯ ಗಂಜಲದ ಗುಂಡಿಯಲ್ಲಿ ಉದ್ದ ಬಾಲದ ಹುಳು ನೋಡಿದ್ದೀರಲ್ಲ, ಅದು ಎರಿಸ್ಟಾಲಿಸ್ ಗುಂಪಿನ ಮರಿ. ಆ ಬಾಲ ಅದರ ಉಸಿರಾಟದ ಕೊಳವೆ. ಮೈಕ್ರೊಡಾನ್ ಮರಿಗಳು ಇರುವೆಗೂಡಿನೊಳಗೆ ಬದುಕುತ್ತವೆ. ಅವು ಎಷ್ಟು ವಿಚಿತ್ರವಾಗಿವೆ ಎಂದರೆ, ಹಿಂದೆ ವಿಜ್ಞಾನಿಗಳೇ ಅವನ್ನು ಮೃದ್ವಂಗಿ ಎಂದು ವರ್ಣಿಸಿದ್ದುಂಟು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯ ಬೆಳೆಗಾರರೊಬ್ಬರು ಕೇಳಿದರು: "ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಕುಲದ ಹೆಸರಲ್ಲೇ ನಿಲ್ಲಬೇಕಾ? ಪೂರ್ತಿ ಹೆಸರು ಸಿಗದಿದ್ದರೆ ಏನು ಪ್ರಯೋಜನ?" ಸರ್, ಪ್ಯಾರಗಸ್ ತಗೊಳ್ಳಿ. ಐದು ಮಿಲಿಮೀಟರ್ ಆಸುಪಾಸಿನ ನೊಣ. ಅದರ ಕೆಲವು ಪ್ರಭೇದಗಳನ್ನು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರೆ ಮಾಡಬೇಕು. ಎಂಥ ಕ್ಯಾಮೆರಾ ಇದ್ದರೂ ಅದು ಫೋಟೊದಲ್ಲಿ ಬರುವುದಿಲ್ಲ. ಅಲ್ಲಿ "ಪ್ಯಾರಗಸ್" ಎಂದು ನಿಲ್ಲಿಸಿದವರು ಪೂರ್ತಿ ಕೆಲಸ ಮಾಡಿದ್ದಾರೆ. ನಿಮ್ಮ ತೋಟದಲ್ಲಿ ಯಾವ ತಿಂಗಳು, ಯಾವ ಗಿಡದಲ್ಲಿ ಪ್ಯಾರಗಸ್ ಇತ್ತು ಎಂಬುದು ಹೇನಿನ ಲೆಕ್ಕಕ್ಕೆ ಸಾಕು. ತಪ್ಪು ಪ್ರಭೇದದ ಹೆಸರು ಯಾವ ಲೆಕ್ಕಕ್ಕೂ ಬಾರದು.

ಹಿಡಿದು ಪಿನ್ ಚುಚ್ಚಿ ಇಡಬಹುದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳಲ್ಲಿ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯಬಾರದು. ಬೇರೆ ಕಡೆಯೂ ಕಾಲೇಜಿನ ಕೀಟಶಾಸ್ತ್ರ ವಿಭಾಗದವರ ಜೊತೆ ಸೇರಿ ಮಾಡಿ. ಲೇಬಲ್ ಇಲ್ಲದೆ ಪೆಟ್ಟಿಗೆಯಲ್ಲಿ ಬಿದ್ದಿರುವ ನೊಣದಿಂದ ಯಾರಿಗೂ ಉಪಯೋಗವಿಲ್ಲ.

ಕೊನೆಯದು ಶಾಲಾ ಶಿಕ್ಷಕಿಯೊಬ್ಬರ ಪ್ರಶ್ನೆ. ಮಕ್ಕಳಿಗೆ ಎಲ್ಲಿಂದ ಶುರು ಮಾಡಿಸಲಿ ಎಂದು. ಮೇಡಂ, ಡೈಡಿಯಾಪ್ಸಿಸ್ ಈಗ್ರೋಟದಿಂದ ಮಾಡಿಸಿ. ರೆಕ್ಕೆಯ ನಡುವೆ ಅಗಲವಾದ ಕಪ್ಪು ಪಟ್ಟೆ ಇರುವುದರಿಂದ ಮಕ್ಕಳಿಗೆ ಬೇಗ ಕಾಣುತ್ತದೆ. ರೆಕ್ಕೆಯನ್ನು ನೋಡುವ ರೂಢಿಯೂ ಅಲ್ಲೇ ಬೆಳೆಯುತ್ತದೆ. ಆಮೇಲೆ ಎರಿಸ್ಟಾಲಿನಸ್, ಕಣ್ಣು ನೋಡಲು. ಮೂರನೆಯದಕ್ಕೆ ಇಷಿಯೊಡಾನ್, ಎದೆಯ ಪಕ್ಕದ ಹಳದಿ ಗೆರೆ ನೋಡಲು. ಈ ಮೂರಕ್ಕೆ ಮೂರು ಹಾಳೆ ಮಾಡಿಸಿ, ಪ್ರತಿ ಫೋಟೊದ ಕೆಳಗೆ ಏನು ಕಂಡಿತು ಎಂದು ಮಕ್ಕಳ ಮಾತಿನಲ್ಲೇ ಬರೆಸಿ. ಶಾಲೆಯ ಬೇಲಿಯಲ್ಲಿ ಹೂ ಇದ್ದರೆ ಸಾಕು, ಬೇರೆಲ್ಲೂ ಹೋಗಬೇಕಾಗಿಲ್ಲ.